ತಲೆಗೊಂದು ಪದ

ಗಜೇಂದ್ರಗಡದ ಬಸವಪ್ರಸಾದ ಮಾಸ್ತರರಿಗೆ ಇಂಗ್ಲಿಷ್ ಎಂದರೆ ಪ್ರಾಣ. ಅದನ್ನು ಕಲಿಯಬೇಕಾದ ಮಕ್ಕಳೆಂದರೆ ಮಾತ್ರ ಅಷ್ಟಕ್ಕಷ್ಟೆ. ರಾಜೂರಿನಾಚೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಾರೆ. ಪಕ್ಕದ ಕೋಣೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಡುವಿನ ಗೋಡೆ ಮಾಳಿಗೆಯವರೆಗೆ ಮುಟ್ಟಿಲ್ಲವಾದ್ದರಿಂದ ಅವರ ಪಾಠಗಳೆಲ್ಲ ನನಗೂ ಬಾಯಿಪಾಠ. ಮಳೆಗಾಲದಲ್ಲಿ ಬೂಟಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಅವರು ನನಗೆ ಹೇಳುತ್ತಿದ್ದರು: “ಸಣ್ಣ ಹುಡುಗರ ಮುಂದ ನನ್ನ ಇಂಗ್ಲಿಷ್ ಹಾಳಾತ್ರಿ ಸರ. ನಾ ಮಾಸ್ತರಗೋಳಿಗೆ ಕಲಸಾಂವ ಆಗಬೇಕಿತ್ತು.”

ಈ ವರ್ಷ ಆ ಯೋಗ ಹತ್ತಿರ ಬಂತು. ರೋಣದಲ್ಲಿ ಶಿಕ್ಷಕರ ತರಬೇತಿಗೆ ಒಬ್ಬರು ಇಂಗ್ಲಿಷ್ ಮಾಸ್ತರರು ಬೇಕಾಗಿದ್ದರು. ಅಲ್ಲಿ ಫ್ಯಾನಿದೆ, ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ, ಮಕ್ಕಳಿಲ್ಲ. ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ಅದನ್ನು ನೋಡಲು ರೋಣದಿಂದ ಬರುವ ಶಹನಾಜ ಮೇಡಂ ಒಪ್ಪಿದರೆ ಕೆಲಸವಾದಂತೆ. ಪಾಠ, ಎಣಿಸಲು ಬರುವ ಮತ್ತು ಬಾರದ ನಾಮಪದಗಳದ್ದು: ಕೌಂಟೇಬಲ್, ಅನ್‌ಕೌಂಟೇಬಲ್.

ಕಲಿಸುವುದರಲ್ಲಿ ಒಂದು ಅಪಾಯವಿದೆ, ಮಕ್ಕಳು ಯೋಚಿಸಿಬಿಡಬಹುದು. ಆದ್ದರಿಂದ ಮಾಸ್ತರರು ಕಲಿಸುವ ಗೋಜಿಗೆ ಹೋಗದೆ ತಲೆಗೊಂದರಂತೆ ಪದ ಹಂಚಿದರು. ಮುಜಫ್ಫರನಿಗೆ ಪೆನ್ಸಿಲ್, ಇಷ್ರತಳಿಗೆ ಮಿಲ್ಕ್, ಅನ್ನಪೂರ್ಣೇಶ್ವರಿಗೆ ಶುಗರ್. ತನ್ನ ಪದ ಕೇಳಿದೊಡನೆ ಎದ್ದು ಉತ್ತರ ಹೇಳಿ ಕೂರಬೇಕು. ಇನ್ನೊಬ್ಬರ ಪದಕ್ಕೆ ಬಾಯಿ ಹಾಕಿದರೆ ಕಿವಿ ಕೆಂಪಗಾಗುತ್ತಿತ್ತು. ವಾರವಿಡೀ ಇದೇ ತಾಲೀಮು.

ಮೇಡಂ ಬಂದ ದಿನ ಪಾಠ ಬ್ಯಾಂಡಿನವರು ಬಾರಿಸಿದಂತೆ ತಾಳ ತಪ್ಪದೆ ಸಾಗಿತು. ಮಾಸ್ತರರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದಾಗ ಮೇಡಂ ತಾವೇ ಎದ್ದು, ಒಂದು ಪೆನ್ಸಿಲ್ ಹಿಡಿದು ಇಷ್ರತಳ ಮುಂದೆ ನಿಂತರು.

“ಇದು ಕೌಂಟೇಬಲ್ಲೋ, ಅನ್‌ಕೌಂಟೇಬಲ್ಲೋ?”

ಇಷ್ರತ ಮಾಸ್ತರರ ಮುಖ ನೋಡಿದಳು. “ಅದು ನಂದಲ್ರಿ ಮೇಡಂ. ಮುಜಫ್ಫರಂದು. ನಂದು ಹಾಲು.”

“ಹೌದೇನು? ಹಂಗಾರ ಸಕ್ಕರಿ? ಯಾರರ ಹೇಳ್ರಿ.”

ಮಕ್ಕಳೆಲ್ಲ ಅನ್ನಪೂರ್ಣೇಶ್ವರಿಯ ಖಾಲಿ ಜಾಗದತ್ತ ತಿರುಗಿದರು. ಹಿಂದಿನಿಂದ ಮುಜಫ್ಫರ ಎದ್ದು ನಿಂತ. “ಸಕ್ಕರಿ ಇವತ್ತ ಸಾಲಿಗೇ ಬಂದಿಲ್ರಿ. ಅವರ ಮಾಮಾನ ಮದಿವಿ.”

ಮೇಡಂ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿ ಹಿಡಿದರು. “ಮಾಸ್ತರ, ಮುಂದಿನ ವಾರ ಇನ್ನೊಮ್ಮೆ ಬರ್ತೀನ್ರಿ,” ಎಂದಷ್ಟೇ ಹೇಳಿ ಹೊರಟರು.

“ನನ್ನ ಮಾರಿಗೆ ಮಸಿ ಬಳದ್ರಲ್ಲೋ!” ಎಂದು ಮಾಸ್ತರರು ಸಿಟ್ಟಾದವರು ಆ ವಾರವೆಲ್ಲ ಪಾಠವನ್ನೇ ಮಾಡಲಿಲ್ಲ. ಅವರ ನೌಕರಿಯಲ್ಲಿ ಮಕ್ಕಳಿಗೆ ಇಷ್ಟು ಉಪಕಾರವಾದ ವಾರ ಇನ್ನೊಂದಿಲ್ಲ.

ಮಾಸ್ತರರು ಪಾಠ ಬಿಟ್ಟದ್ದು ತನ್ನಿಂದಲೇ ಎಂದು ಇಷ್ರತ ನಂಬಿದ್ದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಅವಳು ಮುಜಫ್ಫರನನ್ನು ಹಿಡಿದಳು.

“ನಿನ್ನ ಪೆನ್ಸಿಲ್ ನಂಗ ಕೊಡು. ನನ್ನ ಹಾಲ ತಗೊ.”

“ಕೊಟ್ರ ನನ್ನ ಹತ್ರ ಏನ ಉಳಿತದ?”

“ಹುಚ್ಚಪ್ಪಾ, ಹೇಳಿಕೊಟ್ರ ಖಾಲಿ ಆಗ್ತದೇನು?”

ಅಲ್ಲಿಂದ ವ್ಯಾಪಾರ ಜೋರಾಯಿತು. ಮದುವೆ ಮುಗಿಸಿ ಬಂದ ಅನ್ನಪೂರ್ಣೇಶ್ವರಿ ತನ್ನ ಸಕ್ಕರೆಯನ್ನು ಕೇಳಿದವರಿಗೆಲ್ಲ ಹಂಚಿದಳು. ಶಾಲೆಯ ಪದಗಳು ಸಾಲದೆ ಮಕ್ಕಳು ಮನೆಯ ಅಡುಗೆಕೋಣೆಗೂ ನುಗ್ಗಿದರು. ಉಪ್ಪು, ಗಡಿಗೆ, ಎಣ್ಣೆ, ಉಳ್ಳಾಗಡ್ಡಿ, ಯಾವುದನ್ನೂ ಬಿಡಲಿಲ್ಲ. ಎಣಿಸಿ ನೋಡುವುದು, ಬಾರದಿದ್ದರೆ ಬೇರೆ ಸಾಲಿಗೆ ಹಾಕುವುದು. ವಿಂಗಡಣೆ ಕಲಿಸಲು ನನ್ನ ತರಗತಿಯಲ್ಲಿ ನಾನು ಹೇಳಿದ ಉಪಾಯಗಳೆಲ್ಲ ಇದರ ಮುಂದೆ ಸಪ್ಪೆ.

ಮೇಡಂ ಮತ್ತೆ ಬಂದರು. ಈ ಸಲ ಪ್ರಶ್ನೆಗಳೂ ಅವರವೇ. ನೀರು, ಬಳೆ, ಹಿಟ್ಟು, ಎಮ್ಮೆ ಎಂದು ಯಾರನ್ನು ಏನು ಕೇಳಿದರೂ ಉತ್ತರ ಬಂತು. ಮಾಸ್ತರರು ಗೋಡೆಗೆ ಒರಗಿ ಬೆರಗಾಗಿ ನಿಂತಿದ್ದರು. ಕೊನೆಗೆ ಮೇಡಂ ಕೇಳಿದರು: “ರೊಟ್ಟಿ?”

ಇಷ್ರತ ಎದ್ದು ನಿಂತಳು. “ಇಂಗ್ಲಿಷಿನ್ಯಾಗ ಎಣಸಾಕ ಬರ್ತದ್ರಿ. ನಮ್ಮ ಮನ್ಯಾಗ ಎಣಸಿದ್ರ ಅವ್ವ ಬೈತಾಳ್ರಿ. ಉಣ್ಣೋರ ಮುಂದ ರೊಟ್ಟಿ ಎಣಸಬಾರದಂತ.”

ಮೇಡಂ ಅವಳ ತಲೆ ಸವರಿ ಮಾಸ್ತರರ ಕಡೆ ತಿರುಗಿದರು. “ಒಂದ ವಾರದಾಗ ಇಷ್ಟ ಕಲಸೀರಿ! ಖರೇ ಹೇಳಬೇಕಂದ್ರ, ರೋಣಕ್ಕ ನಿಮ್ಮನ್ನ ಕರಕೊಂಡು ಹೋಗಬೇಕಂತ ಮಾಡಿದ್ದೆ. ಈಗ ಮನಸ ಬರವಲ್ದು. ಇಂಥ ಮಾಸ್ತರನ್ನ ಈ ಹುಡುಗರಿಂದ ಕಸಗೊಂಡ್ರ ಅನ್ಯಾಯ ಆಗ್ತದ್ರಿ.”

ತಾವು ಕಲಿಸಿಲ್ಲವೆಂದರೆ ಮರ್ಯಾದೆ ಹೋಗುತ್ತದೆ, ಕಲಿಸಿದ್ದೇನೆಂದರೆ ರೋಣ ಹೋಗುತ್ತದೆ. ಮಾಸ್ತರರು ಕೊನೆಗೆ ಮರ್ಯಾದೆಯನ್ನೇ ಉಳಿಸಿಕೊಂಡು ಕೈ ಮುಗಿದರು.

ಮೇಡಂ ಹೋದ ಮೇಲೆ ಇಷ್ರತ ಮೆಲ್ಲಗೆ ಅವರ ಟೇಬಲ್ಲಿನ ಬಳಿ ಬಂದಳು. “ಸರ್, ಮೇಡಂ ಭಾಳ ಖುಷಿ ಆದ್ರಲ್ರಿ? ನಿಮಗೇನ ಕೊಟ್ರು?”

ಮಾಸ್ತರರು ತರಗತಿಯನ್ನೊಮ್ಮೆ ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು.

“ನಿಮ್ಮನ್ನ ಕೊಟ್ರವ್ವಾ,” ಎಂದರು.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.