ಮೂವತ್ತೆಂಟು ಮೈಲಿ ಕಾಡುದಾರಿಯ ವರ್ನಾ

ಉತ್ತರ ವಿಸ್ಕಾನ್ಸಿನ್ನಿನ ಕಾಡಿನಲ್ಲಿ ಬೆಳಗಿನ ಐದೂವರೆ. ದಾರಿಗಡ್ಡ ಬಿದ್ದ ಮರದ ಮುಂದೆ ವರ್ನಾ ನಿಸ್ಕಲಾ ತಮ್ಮ ಎಟಿವಿ, ಅಂದರೆ ಕಾಡುದಾರಿಯ ನಾಲ್ಕು ಚಕ್ರದ ಬೈಕು, ನಿಲ್ಲಿಸುತ್ತಾರೆ. ಮೊದಲು ಕೊಂಬೆಗಳನ್ನು ಮುಟ್ಟಿ, ಯಾವುದು ಎಲ್ಲಿ ಸ್ಪ್ರಿಂಗಿನಂತೆ ಬಿಗಿದಿದೆಯೆಂದು ನೋಡುತ್ತಾರೆ. ಆಮೇಲೆ ಗರಗಸ.

"ಬಿದ್ದ ಮರಾನ ನಂಬಬಾರ್ದು. ಸತ್ತಿದೆ ಅಂದ್ಕೊಂಡು ಹತ್ರ ಹೋದ್ರೆ ಎದ್ದು ಒದೆಯತ್ತೆ."

ವರ್ನಾಗೆ ಅರವತ್ತೆಂಟು. ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಈಗ ಊರಿನ ಎಟಿವಿ ಸವಾರರ ಸಂಘಕ್ಕಾಗಿ, ಸಂಬಳವಿಲ್ಲದೆ, ಮೂವತ್ತೆಂಟು ಮೈಲಿ ದಾರಿಯನ್ನೂ ಹನ್ನೊಂದು ಮರದ ಸೇತುವೆಗಳನ್ನೂ ನೋಡಿಕೊಳ್ಳುತ್ತಾರೆ. ಕಳೆದ ವರ್ಷ ಕತ್ತರಿಸಿ ಸರಿಸಿದ ಮರಗಳು ಇನ್ನೂರ ಹದಿನಾಲ್ಕು. ಸಾವಿರಾರು ವರ್ಷಗಳ ಹಿಂದೆ ಹಿಮನದಿ ಕರಗುತ್ತ ಬಿಟ್ಟುಹೋದ ಜಲ್ಲಿಯ ಉದ್ದನೆ ದಿಬ್ಬದ ಬೆನ್ನ ಮೇಲೆಯೇ ಈ ದಾರಿ ಸಾಗುತ್ತದೆ. ಮೇಲೆ ನೆಲ ಗಟ್ಟಿ, ಇಳಿದರೆ ಜೌಗು.

ಮೂರು ವರ್ಷದ ಹಿಂದೆ ಕೆಲವು ಸವಾರರು ಹಾಗೆ ಇಳಿದರು. ಕ್ಲೆಮ್ ವೊಯ್ತಾಸ್ ಎಂಬ ರೈತರ ಜೌಗಿನಲ್ಲಿ ಗಾಡಿ ಕುಣಿಸಿ ಮೋಜು ಮಾಡಿದರು. ಅಲ್ಲಿ ಗೂಡು ಕಟ್ಟಿದ್ದ ಸಾರಸ ಹಕ್ಕಿಗಳು ಮೊಟ್ಟೆ ಬಿಟ್ಟು ಹಾರಿಹೋದವು. ಮರುದಿನವೇ ಕ್ಲೆಮ್ ತಮ್ಮ ಜಮೀನಿನ ಗೇಟಿಗೆ ಬೀಗ ಜಡಿದರು. ದಾರಿ ಆ ಜಮೀನನ್ನು ಹಾದೇ ಹೋಗಬೇಕಿದ್ದರಿಂದ ನಡುವೆಯೇ ತುಂಡಾಯಿತು.

ವರ್ನಾ ಕ್ಲೆಮ್ ಮನೆಗೆ ಹೋದರು.

"ದಾರಿ ಬಿಡು ಅಂತ ಕೇಳೋಕೆ ಬಂದ್ಯಾ?" ಎಂದರು ಕ್ಲೆಮ್.

"ಇಲ್ಲಪ್ಪ. ಜೌಗು ಸರಿ ಮಾಡೋಕೆ ಬಿಡು. ನಡ್ಕೊಂಡೇ ಬರ್ತೀನಿ."

ಬೇಸಿಗೆಯಿಡೀ ವರ್ನಾ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಕ್ರದ ಗುಂಡಿಗಳನ್ನು ಮುಚ್ಚಿದರು, ಜೊಂಡು ನೆಟ್ಟರು. ಕ್ಲೆಮ್ ಟ್ರ್ಯಾಕ್ಟರಿನ ಮೇಲಿಂದ ನೋಡುತ್ತಿದ್ದರು. ಒಂದು ದಿನ ತಡೆಯಲಾಗಲಿಲ್ಲ.

"ಮುದುಕಿ, ಸಲಿಕೆ ಹಿಡಿಯೋ ರೀತೀನಾ ಅದು?"

"ನಿಂಗೆ ಗೊತ್ತಿದ್ರೆ ಇಳಿದು ತೋರ್ಸು, ಮುದುಕಾ!"

ಇಳಿದರು. ಆ ಬೇಸಿಗೆ ಮುಗಿಯುವವರೆಗೂ ಇಳಿದರು.

ಎರಡನೇ ವಸಂತಕ್ಕೆ ಒಂದು ಜೋಡಿ ಸಾರಸ ಮರಳಿತು. ಗೇಟಿನ ವಿಷಯವನ್ನು ವರ್ನಾ ಒಮ್ಮೆಯೂ ಎತ್ತಿರಲಿಲ್ಲ. ಮರಿಗಳು ಹಾರಲು ಕಲಿತ ವಾರ ಕ್ಲೆಮ್ ತಾವೇ ಸಂಘಕ್ಕೆ ಫೋನ್ ಮಾಡಿದರು: "ಗೇಟು ತೆಗೀತೀನಿ. ಆದ್ರೆ ಬೀಗದ ಕೈ ವರ್ನಾ ಹತ್ರಾನೇ ಇರ್ಬೇಕು. ಹಕ್ಕಿ ಕಾವಿಗೆ ಕೂತಾಗ ಮುಚ್ಚೋದೂ ಅವಳೇ."

ಇಂದು ಶನಿವಾರ. ಸವಾರರು ಒಬ್ಬರ ಹಿಂದೊಬ್ಬರು ಧೂಳೆಬ್ಬಿಸಿ, ಕೈಬೀಸಿ ಹೋಗುತ್ತಾರೆ. ಈಕೆ ಯಾರೆಂದು ಅವರಿಗೆ ತಿಳಿಯದು. ವರ್ನಾ ದಿಬ್ಬದ ಅಂಚಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ನಗುತ್ತಾರೆ.

"ಒಂದಿನ ಈ ಮೂವತ್ತೆಂಟು ಮೈಲೀನೂ ಎಲ್ಲೂ ಇಳೀದೆ ಸುಮ್ನೆ ಸವಾರಿ ಮಾಡ್ಬೇಕು, ಇವ್ರ ಥರ," ಎಂದು ಕಾಫಿ ಮುಗಿಸಿ ಏಳುತ್ತಾರೆ. "ಆದ್ರೆ ಏಳನೇ ಸೇತುವೇಲಿ ಹಲಗೆ ಒಂದು ಸಡಿಲ ಆಗಿದೆ. ಅದೊಂದು ಆಗ್ಲಿ."