ಕಾರ್ಡಿನಲ್ಲಿಲ್ಲದ ಸೊಸೆ

ನನ್ನ ಗಂಡನ ಮನೆಯವರಿಗೆ ಹಳೇಬೀಡಿನ ಹತ್ತಿರ ತೆಂಗಿನ ತೋಟವಿದೆ, ಟ್ರ್ಯಾಕ್ಟರ್ ಇದೆ, ದೊಡ್ಡದೊಂದು ಕಾರಿದೆ. ಇವೆಲ್ಲದರ ಜೊತೆಗೆ ಬಡವರಿಗೆ ಕೊಡುವ ಬಿಪಿಎಲ್ ಕಾರ್ಡೂ ಇತ್ತು. ನಾನು ಬೇಲೂರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಸರ್ಕಾರಿ ಸಂಬಳದವಳು ಮನೆಯಲ್ಲಿದ್ದರೆ ಕಾರ್ಡು ಹೋಗುತ್ತದೆಂದು, ಮದುವೆಯಾಗಿ ನಾಲ್ಕು ವರ್ಷವಾದರೂ ನನ್ನ ಹೆಸರನ್ನು ಸೇರಿಸಿರಲಿಲ್ಲ. ಕಾರ್ಡಿನ ಪ್ರಕಾರ ನನ್ನ ಗಂಡ ಇನ್ನೂ ಬ್ರಹ್ಮಚಾರಿ. ಮೊದಮೊದಲು ನಾನೂ ಇದನ್ನು ತಮಾಷೆಯೆಂದೇ ಹೇಳಿಕೊಂಡು ನಗುತ್ತಿದ್ದೆ.

ಕಾರ್ಡಿಗೆ ಸಿಗುವ ಅಕ್ಕಿಯನ್ನು ನಮ್ಮಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಒಂದಷ್ಟು ಕೋಳಿಗೆ, ಉಳಿದದ್ದು ಮೊಪೆಡ್ಡಿನಲ್ಲಿ ಬಂದು ಕೊಳ್ಳುವವನಿಗೆ. ಆದರೂ ಅತ್ತೆ ಪ್ರತಿ ತಿಂಗಳು ಚಿನ್ನದ ಬಳೆ ಬಿಚ್ಚಿಟ್ಟು ರೇಷನ್ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಮಾವ ಹುಡುಗರಾಗಿದ್ದಾಗ ಈ ಮನೆಯಲ್ಲಿ ನಿಜವಾಗಿಯೂ ಹಸಿವಿತ್ತಂತೆ; ಅಂಬಲಿಯನ್ನೂ ಪಾಲು ಹಾಕಿಕೊಂಡು ಕುಡಿಯುತ್ತಿದ್ದರಂತೆ. ಹಸಿದವನ ಸಂಕಟವನ್ನು ಅವರು ಪೂರ್ತಿ ಮರೆತರು, ಬಾಚಿಕೊಳ್ಳುವ ಕೈಯನ್ನು ಮಾತ್ರ ಉಳಿಸಿಕೊಂಡರು. ಕೊಬ್ಬರಿ ಬೆಲೆ ಏರಿದಂತೆಲ್ಲ ಆ ಕೈ ಇನ್ನಷ್ಟು ಉದ್ದವಾಯಿತು.

"ಬಿಟ್ಬಿಡಿ ಮಾವ, ನಮಗ್ಯಾಕೆ ಅದು?" ಎಂದು ಒಮ್ಮೆ ಕೇಳಿದ್ದೆ.

"ಊರ್ನೋರೆಲ್ಲ ತಿಂತಾವ್ರೆ ಕಣವ್ವ. ನಾವ್ ಬಿಟ್ರೆ ಪೆದ್ರು ಅನ್ನುಸ್ಕೊಬೇಕು, ಅಷ್ಟೇಯ," ಎಂದರು.

ಹೋದ ವರ್ಷ ಕಾರ್ಡುಗಳ ಪರಿಶೀಲನೆ ಶುರುವಾಯಿತು. ಸುದ್ದಿ ತಿಳಿದ ದಿನವೇ ನನ್ನ ಗಂಡ ಕಾರನ್ನು ಬಾಣಾವರದ ನೆಂಟರ ಮನೆಯಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ವಾಪಸು ಬಂದರು. ಅತ್ತೆ ಫ್ರಿಜ್ಜಿಗೆ ಹಳೆಯ ಸೀರೆ ಹೊದಿಸಿದರು. ಶನಿವಾರ ಮಧ್ಯಾಹ್ನ ನಾನು ಶಾಲೆ ಮುಗಿಸಿ ಬಂದಾಗ ಪರಿಶೀಲನೆಗೆ ಬಂದ ನೌಕರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ನನ್ನನ್ನು ನೋಡಿ, "ಇವ್ರು ಯಾರು?" ಎಂದ.

ಮಾವ ತಡವರಿಸಲೇ ಇಲ್ಲ. "ಪಕ್ಕದ್ಮನೆ ಟೀಚರಮ್ಮ ಸಾರ್, ಮಜ್ಜಿಗೆ ಇಸ್ಕೊಂಡೋಗಕ್ಕೆ ಬಂದವ್ರೆ."

ನನ್ನ ಗಂಡ ಕಂಬಕ್ಕೊರಗಿ ಮೊಬೈಲು ನೋಡುತ್ತಿದ್ದರು, ತಲೆ ಎತ್ತಲಿಲ್ಲ. ನಾನು "ಹೌದು" ಎಂದೆ. ಅತ್ತೆ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದು ಕೈಗಿಟ್ಟರು. ಅದನ್ನು ಹಿಡಿದು ನನ್ನದೇ ಮನೆಯಿಂದ ಹೊರಗೆ ನಡೆದು, ಅವನು ಹೋಗುವವರೆಗೂ ಕೊಟ್ಟಿಗೆಯ ಹಿಂದೆ ನಿಂತಿದ್ದೆ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಬೈಕಿಗೆ ಒಂದು ಚೀಲ ತೆಂಗಿನಕಾಯಿ ಕಟ್ಟಿಸಿಕೊಂಡು ಹೋದ. ಆ ಹೊತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾದದ್ದು ನನ್ನ "ಹೌದು".

ನಮ್ಮ ಕಾರ್ಡು ಉಳಿಯಿತು. ಮನೆಗೆಲಸಕ್ಕೆ ಬರುವ ಹೆಂಗಸಿನದು ರದ್ದಾಯಿತು. ಬೇಲೂರು, ಹಳೇಬೀಡು ನೋಡಲು ಬರುವವರನ್ನು ಸುತ್ತಾಡಿಸಲೆಂದು ಅವಳ ಮಗ ಯಾರೋ ಓಡಿಸಿ ಬಿಟ್ಟ ಹಳೇ ಕಾರೊಂದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ.

"ಕಾರಿರೋರು ಬಡವ್ರಲ್ವಂತೆ ಕಣಕ್ಕ," ಎಂದಳು, ಬಾಣಾವರದಿಂದ ವಾಪಸು ಬಂದಿದ್ದ ನಮ್ಮ ಕಾರನ್ನು ತೊಳೆಯುತ್ತಾ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಆ ವಾರವೇ ಒಂದು ದಿನ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದೆ. ಮದುವೆಯ ನೋಂದಣಿ ಪತ್ರ, ಸಂಬಳದ ಚೀಟಿ ಎರಡನ್ನೂ ಇಟ್ಟು, ನನ್ನ ಹೆಸರನ್ನು ಕಾರ್ಡಿಗೆ ಸೇರಿಸಿ ಎಂದು ಅರ್ಜಿ ಕೊಟ್ಟೆ.

"ಮೇಡಂ, ಇದನ್ನ ಸೇರ್ಸಿದ್ರೆ ಕಾರ್ಡೇ ಹೋಗುತ್ತೆ," ಎಂದ ಗುಮಾಸ್ತ.

"ಗೊತ್ತು, ಸೇರ್ಸಿ."

ಕಾರ್ಡು ಹೋಯಿತು. "ಅಪ್ಪನ ಮರ್ಯಾದೆ ಕಳೆದ್ಬಿಟ್ಟೆ," ಎಂದರು ನನ್ನ ಗಂಡ. ಆ ಮನೆಯಲ್ಲಿ ಮರ್ಯಾದೆ ಎಂಬ ಪದ ಬಳಕೆಯಲ್ಲಿದೆ ಎಂದು ನನಗೆ ಅಂದೇ ತಿಳಿದದ್ದು. ಮಾವ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಕೆಲಸದವಳಿಗೆ ಇದರಿಂದ ಮೂರು ಕಾಸಿನ ಉಪಯೋಗವೂ ಆಗಲಿಲ್ಲ. ಕಾರ್ಡು ವಾಪಸು ಕೊಡಿ ಎಂದು ಅವಳು ಕೊಟ್ಟ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ.

ಮೊನ್ನೆ ಹುಲಿಕೆರೆಯಲ್ಲಿ ಬಂಧುಗಳ ಗೃಹಪ್ರವೇಶ. ಊಟದ ಸಾಲಿನಲ್ಲಿ ಮಾವ ಪಕ್ಕದ ಹಿರಿಯರೊಬ್ಬರಿಗೆ ಹೇಳುತ್ತಿದ್ದರು: "ಕಾರ್ಡ್ನ ನಾವೇ ವಾಪಸ್ ಕೊಟ್ವಿ ಕಣ್ರೀ. ಇಲ್ದೋರ್ಗೆ ಆಗ್ಲಿ ಅಂತ."

"ದೊಡ್ಡ ಮನಸ್ಸು ನಿಮ್ದು," ಎಂದರು ಆ ಹಿರಿಯರು, ತಿನ್ನುವುದನ್ನು ನಿಲ್ಲಿಸಿ ಕೈ ಎತ್ತಿ ಮುಗಿದು. ಮಾವ ಸಂಕೋಚದಿಂದ ತಲೆ ತಗ್ಗಿಸಿದರು. ನನ್ನ ಗಂಡ ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸುತ್ತಿದ್ದರು.