ಸ್ಟೌ ಪಿನ್ನಿನ ನಾಚಿಕೆ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಅಂಚಿಗೆ ಒಂದು ಸ್ಟೌ ಪಿನ್ನು ಸಿಕ್ಕಿಸಿದೆ. ಪಂಪು ಹೊಡೆದು ಹೊತ್ತಿಸುವ ಸೀಮೆಎಣ್ಣೆ ಸ್ಟೌವಿನ ತೂತಿನಲ್ಲಿ ಮಸಿ ಕಟ್ಟಿದರೆ ಚುಚ್ಚಿ ಬಿಡಿಸುವ ಈ ತಗಡಿನ ತುಣುಕನ್ನು ನೀವು ಕಂಡಿದ್ದರೆ ನನ್ನ ಓರಗೆಯವರೇ ಸರಿ. ಇನ್ನು ಸಂಕೋಚವಿಲ್ಲದೆ ಹೇಳಬಹುದು.

ಎಪ್ಪತ್ತರ ದಶಕದ ಕೊನೆ. ಹೊಳವನಹಳ್ಳಿಯ ಅಂಗಡಿಯ ಮುಂದೆ ಸೀಮೆಎಣ್ಣೆಗಾಗಿ ನಮಗಿಂತ ಮೊದಲು ನಮ್ಮ ಡಬ್ಬಗಳೇ ಹೋಗಿ ಸಾಲಿನಲ್ಲಿ ಕೂತಿರುತ್ತಿದ್ದ ಕಾಲ. ಅದಕ್ಕೆ ಬೇಸತ್ತ ನಮ್ಮ ಯಜಮಾನರು ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ತೋಡಿಸಿದರು. ದನಗಳ ಸಗಣಿ ಸಾಲದೆಂದು ಹೊಸ ಕಕ್ಕಸಿನ ಕೊಳವೆಯನ್ನೂ ಅದಕ್ಕೇ ಕೂಡಿಸಿದರು. ನಮ್ಮನ್ನು ನೋಡಿ ನಾಲ್ಕು ಮನೆಯವರು ಕಟ್ಟಿಸಿಕೊಂಡರೆ ಊರು ಡಬ್ಬ ಹಿಡಿದು ನಿಲ್ಲುವುದು ತಪ್ಪೀತೆಂಬ ಆಸೆ ಅವರದು. ಅತ್ತೆಯವರು ಮಾತ್ರ, ಸಗಣಿಯೆಂದರೆ ಹಬ್ಬಕ್ಕೆ ಬೆನಕನನ್ನು ಮಾಡಿ ಗರಿಕೆ ಸಿಕ್ಕಿಸುವ ವಸ್ತು, ಅದಕ್ಕೆ ಇದನ್ನು ಬೆರೆಸಿದಿರಲ್ಲ ಎಂದು ಒಂದೇ ಮಾತು ಅಂದು, ಹಿತ್ತಲ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತಮ್ಮ ಮುದ್ದೆ ತಾವೇ ಬೇಯಿಸಿಕೊಳ್ಳತೊಡಗಿದರು.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮದಲೂರಿನಿಂದ ನನ್ನ ತವರಿನವರು ಬಂದರು, ನೆರೆಹೊರೆಯವರೂ ಸೇರಿದರು. ಎಲೆ ಹಾಕಿದ ಮೇಲೆ ಯಾರೋ ಆ ಕೊಳವೆಯ ವಿಷಯ ಪಿಸುಗುಟ್ಟಿದರು. ನನ್ನ ಸೋದರಮಾವ ಕೈ ಹಿಂದಕ್ಕೆಳೆದುಕೊಂಡು, ಹೊಟ್ಟೆ ಸರಿಯಿಲ್ಲ, ಎರಡು ಬಾಳೆಹಣ್ಣು ಸಾಕು ಎಂದರು. ಒಬ್ಬರ ಹೊಟ್ಟೆ ಕೆಟ್ಟದ್ದೇ ತಡ, ಪಂಕ್ತಿಗೆ ಪಂಕ್ತಿಯೇ ಕೆಟ್ಟಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಇದೊಂದು ಹೊತ್ತು ಸೀಮೆಎಣ್ಣೆಯಲ್ಲೇ ಬೇಯಿಸಿ ಮಾನ ಉಳಿಸಿಕೊಳ್ಳೋಣವೆಂದು ಅಟ್ಟದಿಂದ ಹಳೆಯ ಸ್ಟೌ ಇಳಿಸಿ, ಪಿನ್ನು ಚುಚ್ಚುತ್ತಾ ಕೂತೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಆ ಸ್ಟೌವಿನ ಭರ್ರೆಂಬ ಸದ್ದು ಪಡಸಾಲೆಗೆ ಕೇಳಿದರೆ ಈ ಊರಲ್ಲಿ ಇನ್ನಾರೂ ಗುಂಡಿ ತೋಡಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಅತ್ತೆ ಹಿತ್ತಲಿಂದ ಕೈ ತೊಳೆದು ಬಂದರು.

“ಅದನ್ನ ಅತ್ಲಾಗಿಡಮ್ಮ,” ಎಂದವರೇ ಹೋಗಿ ಸೋದರಮಾವನ ಎದುರಿನ ಎಲೆಗೆ ಕೂತರು. “ನಮ್ಮನೇಲಿ ಬೆಂದಿದ್ದನ್ನ ನಾವೇ ಉಣ್ದಿದ್ರೆ ಬಂದೋರು ಹೆಂಗೆ ಉಂಡಾರು? ನಂಗೆ ಬಡ್ಸು.”

ಮೊದಲ ತುತ್ತು ಬಾಯಿಯ ಹತ್ತಿರ ಬಂದಾಗ ಅವರ ಕೈ ಕೊಂಚ ತಡೆಯಿತು. ಬಗ್ಗಿ ಬಡಿಸುತ್ತಿದ್ದ ನನಗೊಬ್ಬಳಿಗೇ ಅದು ಕಂಡದ್ದು. ಕಣ್ಣು ಮುಚ್ಚಿ ನುಂಗಿದರು. ಮತ್ತೆ ಅನ್ನ ಕೇಳಿ ಹಾಕಿಸಿಕೊಂಡರು. ಸೋದರಮಾವ ತಲೆಯೆತ್ತದೆ ಸಾರು ಕಲೆಸಿಕೊಂಡರು, ಅವರ ಹಿಂದೆ ಉಳಿದವರು.

ಆ ಗ್ಯಾಸಿನಲ್ಲಿ ದಿನಾ ಬೇಯಿಸಿ ಉಣ್ಣುತ್ತಿದ್ದವಳು ನಾನು, ನಾಲ್ಕು ಜನರೆದುರು ಅದಕ್ಕೆ ನಾಚಿದವಳೂ ನಾನೇ. ಹೇಸುತ್ತಿದ್ದ ಅತ್ತೆ ಉಂಡರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಎಂದಿನಂತೆ ಮೂರು ಕಲ್ಲಿನ ಮುಂದೆ ಕೂತು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಒಲೆ ಊದುತ್ತಿದ್ದರು.

ಸ್ಟೌ ಗುಜರಿಗೆ ಹೋಗಿ ಕಾಲವಾಯಿತು. ಕ್ಯಾಲೆಂಡರು ಬದಲಿಸುವಾಗಲೆಲ್ಲ ಪಿನ್ನು ಬೆರಳಿಗೆ ಚುಚ್ಚುತ್ತದೆ. ಬಿಸಾಡಮ್ಮಾ ಎನ್ನುತ್ತಾಳೆ ಮಗಳು. ಇರಲಿ ಬಿಡೆಂದು ಹೊಸ ಕ್ಯಾಲೆಂಡರಿಗೂ ಅದನ್ನೇ ಸಿಕ್ಕಿಸುತ್ತೇನೆ.